ಸ್ಟೂಲು, ಕಾಟು, ಹೆರಿಗೆ ಟೇಬಲ್ಲು: ಯಾರ ಮೈಯಳತೆಗೆ ಮಾಡಿದ್ದು?

ಸರಕಾರಿ ದವಾಖಾನಿಯ ಬಗ್ಗೆ ನಮ್ಮ ಭಾಗದಲ್ಲಿ ಭಾಷಣ ಮಾಡುವವರು ಮೂರೇ ಮಾತು ಹೇಳುತ್ತಾರೆ. ಡಾಕ್ಟರಿಲ್ಲ, ಔಷಧವಿಲ್ಲ, ರೊಕ್ಕ ಬಿಚ್ಚದೆ ಕೆಲಸವಿಲ್ಲ. ಮೂರೂ ಖರೆ. ಆದರೆ ಡಾಕ್ಟರು ಬಂದ ಮೇಲೆ, ಔಷಧ ಸಿಕ್ಕ ಮೇಲೆ, ನಮ್ಮ ಜನ ಎಲ್ಲಿ ಕೂಡುತ್ತಾರೆ, ಎದರ ಮೇಲೆ ಮಲಗುತ್ತಾರೆ, ಎಷ್ಟು ಎತ್ತರ ಹತ್ತಬೇಕಾಗುತ್ತದೆ ಎಂದು ಕೇಳಿದವರು ಯಾರು? ಇದೇನು ಸಣ್ಣ ಮಾತು ಎನ್ನುವ ಗೆಳೆಯರಿದ್ದಾರೆ. ಕೂಡುವುದು ಈ ದೇಶದಲ್ಲಿ ಎಂದಾದರೂ ಸಣ್ಣ ಮಾತಾಗಿತ್ತೇ? ಕಟ್ಟೆಯ ಮೇಲೆ ಕೂತದ್ದಕ್ಕೆ, ಚಹಾದಂಗಡಿಯ ಬೆಂಚಿನ ಮೇಲೆ ಕೂತದ್ದಕ್ಕೆ, ಮದುಮಗ ಕುದುರೆಯ ಮೇಲೆ ಕೂತದ್ದಕ್ಕೆ ಬಿದ್ದ ಏಟುಗಳನ್ನು ಲೆಕ್ಕ ಹಾಕಿ ನೋಡಿ.

ಸಾಮಾನಿಗೆ ಜಾತಿ ಇಲ್ಲ ಎನ್ನುವವರು ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ಓದಬೇಕು. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮಾಸ್ತರನ ಪತ್ರ 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಗಿತ್ತು, ಅಂಬೇಡ್ಕರರು ಅದನ್ನು ಅಲ್ಲಿ ಎತ್ತಿ ಕೊಟ್ಟಿದ್ದಾರೆ. ಮಾಸ್ತರನ ಹೆಂಡತಿ ಹಸಿ ಬಾಣಂತಿ, ಜ್ವರ ಬಂದು ಮಲಗಿದ್ದಳು. ಡಾಕ್ಟರು ಕೇರಿಯೊಳಗೆ ಕಾಲಿಡಲಿಲ್ಲ, ಅವಳನ್ನೇ ಹೊರಗೆ ಕರೆತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ. ಬಂದ ದಾರಿಯಲ್ಲೇ ವಾಪಸು ಹೋಯಿತು. ಡಾಕ್ಟರು ದೀಪದ ಬೆಳಕಲ್ಲಿ ಅದನ್ನು ನೋಡಿ ನ್ಯುಮೋನಿಯಾ ಎಂದ. ಆಮೇಲೆ ಬರಲಿಲ್ಲ. ಅವಳು ಸತ್ತಳು. ಒಂದು ಗಾಜಿನ ಕಡ್ಡಿಯೂ ಹೀಗೆ ಮಡಿ ಹಿಡಿಯುತ್ತದೆ ಎಂದ ಮೇಲೆ ಕಾಟು, ಕುರ್ಚಿಗಳ ಮಾತು ಏನು?

ಆ ಪತ್ರ ಅಚ್ಚಾಗುವ ನಾಲ್ಕು ವರ್ಷ ಮೊದಲು, 1925ರ ಏಪ್ರಿಲಿನಲ್ಲಿ, ಅಂಬೇಡ್ಕರರು ಇದೇ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಆಮೇಲೆ ಸಂವಿಧಾನ ಬಂತು. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 5ನೇ ಕಲಮು ಅಸ್ಪೃಶ್ಯತೆಯ ನೆಪದಲ್ಲಿ ದವಾಖಾನಿಗೆ ಸೇರಿಸದೆ ಇದ್ದರೆ ಅಪರಾಧ ಎಂದಿತು. ಆದರೂ 11 ರಾಜ್ಯಗಳ 565 ಹಳ್ಳಿಗಳನ್ನು ನೋಡಿ 2006ರಲ್ಲಿ ಪ್ರಕಟವಾದ ‘ಅಂಟಚಬಿಲಿಟಿ ಇನ್ ರೂರಲ್ ಇಂಡಿಯಾ’ ಅಧ್ಯಯನ ಹೇಳಿದ್ದೇನು? ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗುವುದಿಲ್ಲ. ಕಲಮು ಬಾಗಿಲು ತೆರೆಸಿತು. ಬಾಗಿಲ ಒಳಗೆ ಏನು ಜೋಡಿಸಿಟ್ಟಿದ್ದಾರೆ ಎಂಬುದು ಕಲಮಿಗೆ ಸಿಗುವ ವಿಷಯವಲ್ಲ.

ಒಳಗೆ ಹೋಗೋಣ. ಸಾಹೇಬರ ಕುರ್ಚಿ ತಿರುಗುತ್ತದೆ, ಅದರ ಬೆನ್ನಿಗೆ ಬಿಳಿ ಟವೆಲು. ಎದುರಿಗೆ ರೋಗಿಗೆ ಕಬ್ಬಿಣದ ಸ್ಟೂಲು, ಬೆನ್ನಿಲ್ಲದ್ದು. ನ್ಯಾಯವಾಗಿ ಹೇಳಬೇಕೆಂದರೆ ಸ್ಟೂಲಿಗೆ ಬೆನ್ನಿಲ್ಲದಿರುವುದಕ್ಕೆ ಕಾರಣವಿದೆ. ರೋಗಿಯ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಉಸಿರು ಕೇಳಬೇಕು. ಸರಿ. ಹಾಗಾದರೆ ಕೇಳಲಿ. ನಮ್ಮ ಹೆಂಗಸರ ಬೆನ್ನಿಗೆ ಆ ಸ್ಟೆತಸ್ಕೋಪು ಎಷ್ಟು ಸಲ ಮುಟ್ಟಿದೆ? ಮುಟ್ಟುವುದಿಲ್ಲವೆಂದರೆ ಸ್ಟೂಲಿಗೆ ಒಂದು ಬೆನ್ನು ಹಚ್ಚಿಸಿ ಕೊಡಲಿ, ಅಷ್ಟಾದರೂ ಒರಗಿ ಕೂಡುತ್ತಾರೆ. ಟವೆಲಿಗೆ ಮಾತ್ರ ಯಾವ ವೈದ್ಯಶಾಸ್ತ್ರದಲ್ಲೂ ಕಾರಣವಿಲ್ಲ.

ಒರಗಿ ಕೂಡುವುದು ನಿಪ್ಪಾಣಿಯ ಹೆಂಗಸರಿಗೆ ಯಾಕೆ ಬೇಕು ಎಂದು ಕೇಳುವವರು ತಂಬಾಕಿನ ವಖಾರಿಯ ಬಾಗಿಲಲ್ಲಿ ಸಂಜೆ ಹೊತ್ತು ನಿಲ್ಲಬೇಕು. ದಿನವಿಡೀ ತಂಬಾಕು ಸೋಸುವವರು, ತೊಡೆಯ ಮೇಲೆ ಮರ ಇಟ್ಟುಕೊಂಡು ಬೀಡಿ ಕಟ್ಟುವವರು. ನೆಲದಲ್ಲಿ ಕೂತು ಕೂತು ಮೊಣಕಾಲು ಹಿಡಿದಿರುತ್ತದೆ, ಸೊಂಟ ಬಿದ್ದಿರುತ್ತದೆ, ಎದೆಯಲ್ಲಿ ಧೂಳು. ಇವರು ಬಾಯಿಲ್ಲದವರೇನಲ್ಲ. 1980ರ ಸುಮಾರಿಗೆ ಸಂಘ ಕಟ್ಟಿ ವಖಾರಿ ಮಾಲಕರ ಎದುರು ನಿಂತವರು. ಬೆಂಗಳೂರಿನ ಯುಗಾಂತರ ತಂಡದ ಹೆಣ್ಣುಮಕ್ಕಳು ಬಂದು ಇವರ ಜೊತೆಯಲ್ಲೇ 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿತ್ರ ಮಾಡಿದರು. ಸೆಸ್ ಕಾಯ್ದೆ, ಕಲ್ಯಾಣ ನಿಧಿ ಕಾಯ್ದೆ ಎರಡೂ 1976ರಲ್ಲೇ ಬಂದಿದ್ದವು. ಇವರು ಕಟ್ಟಿದ ಬೀಡಿಯ ಮೇಲೆ ವಸೂಲಾದ ಹಣದಿಂದ ಇವರಿಗೇ ದವಾಖಾನಿ ಎಂದರು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸೂ ಹೋಯಿತು. ಇಂಥ ಹೆಂಗಸು ಸರದಿಯಲ್ಲಿ ಎರಡು ತಾಸು ನಿಂತು, ಕಾಲು ಸೋತು, ಗೋಡೆಗೆ ಆನಿಕೊಂಡು ನೆಲಕ್ಕೆ ಕುಸಿದರೆ ಸಿಗುವ ಮಾತು: “ಏಳವ್ವಾ, ಹಾದ್ಯಾಗ ಕುಂದರಬ್ಯಾಡ.” ಬೆಂಚು ಎಲ್ಲಿದೆ? ಇದ್ದ ಒಂದು ಬೆಂಚಿನ ಮೇಲೆ ಯಾರು ಕೂತಿದ್ದಾರೆ ನೋಡಿ, ಊರಿನ ಚರಿತ್ರೆ ತಿಳಿಯುತ್ತದೆ.

1933ರಲ್ಲಿ ಫಿನ್ಲೆಂಡಿನ ಪೈಮಿಯೋದಲ್ಲಿ ಒಂದು ಕ್ಷಯದ ಆಸ್ಪತ್ರೆ ತೆರೆಯಿತು. ಕಟ್ಟಿದ ಆಲ್ವರ್ ಆಲ್ಟೊ ನಿಂತವನ ಕಣ್ಣಿಂದಲ್ಲ, ಮಲಗಿದವನ ಕಣ್ಣಿಂದ ಲೆಕ್ಕ ಹಾಕಿದ. ದೀಪ ರೋಗಿಯ ಕಣ್ಣಿಗೆ ಚುಚ್ಚಬಾರದು, ಕೈತೊಳೆಯುವ ನೀರು ಸದ್ದು ಮಾಡಿ ಪಕ್ಕದವನ ನಿದ್ದೆ ಕೆಡಿಸಬಾರದು, ಕುರ್ಚಿಯ ಬೆನ್ನು ಉಸಿರಾಟಕ್ಕೆ ಅನುವಾಗುವ ಓರೆಯಲ್ಲಿರಬೇಕು. ಆ ಕುರ್ಚಿ ಇವತ್ತು ಶ್ರೀಮಂತರ ಹಜಾರದ ಅಲಂಕಾರಕ್ಕೆ ಮಾರಾಟವಾಗುತ್ತದೆ! ಕ್ಷಯ ರೋಗಿಗೆ ಮಾಡಿದ್ದು ಬಂಡವಾಳಗಾರನಿಗೆ ದಕ್ಕಿತು, ಎದೆ ಹಿಡಿದ ನಮ್ಮ ಬೀಡಿಯವಳಿಗೆ ಕಬ್ಬಿಣದ ಸ್ಟೂಲು.

ಇನ್ನು ಹೆರಿಗೆ ಟೇಬಲ್ಲು. ಈ ದೇಶದ ಹೆಂಗಸಿನ ಸರಾಸರಿ ಎತ್ತರ ಐದು ಅಡಿ. ಸೊಂಟದೆತ್ತರದ, ಜಾರುವ ರೆಕ್ಸಿನ್ನಿನ ಟೇಬಲ್ಲಿಗೆ ನೋವು ತಿನ್ನುತ್ತಿರುವವಳು ಹತ್ತಬೇಕು. ಹತ್ತುವ ಮೆಟ್ಟಿಲು ಇರಬೇಕೆಂದು ಸರಕಾರದ ಪಟ್ಟಿಯಲ್ಲೇ ಇದೆ. ಇದ್ದದ್ದು ಕಾಲು ಮುರಿದು ಸ್ಟೋರಿನಲ್ಲಿ ಬಿದ್ದಿರುತ್ತದೆ. ಹತ್ತಿದ ಮೇಲೆ ಅಂಗಾತ ಮಲಗಿಸಿ ಕಾಲೆತ್ತಿಸುತ್ತಾರೆ. ಈ ಭಂಗಿಗೆ ಇಂಗ್ಲಿಷಿನಲ್ಲಿರುವ ಹೆಸರು ಮೂತ್ರಕೋಶದ ಕಲ್ಲು ತೆಗೆಯುವ ಆಪರೇಷನ್ನಿನಿಂದ ಬಂದದ್ದು. ಕೊಯ್ಯುವವನಿಗೆ ಅನುಕೂಲವಾಗಲೆಂದು ಹುಟ್ಟಿದ ಭಂಗಿ, ಹೆರುವವಳಿಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಕೂತು, ಕುಕ್ಕರಿಸಿ, ಯಾವ ಭಂಗಿಯಲ್ಲಿ ಹೆರಬೇಕೆಂಬುದು ಅವಳ ಇಚ್ಛೆ. ನಮ್ಮ ಅಜ್ಜಿಯರು ಕುಂತೇ ಹೆತ್ತರು. ಹಳೆಯದನ್ನು ನಾವು ಕೊಂಡಾಡುತ್ತಿಲ್ಲ. ಆಗ ಬಾಣಂತಿಯರು ಸಾಯುತ್ತಿದ್ದರು, ಮಾಸು ಹೂಳಲು ನಮ್ಮ ಕೇರಿಯವರನ್ನೇ ಕರೆಯುತ್ತಿದ್ದರು.

ಈಗ ಯಾರನ್ನು ಕರೆಯುತ್ತಾರೆ? ಟೇಬಲ್ಲಿನ ಕೆಳತುದಿ ನೋಡಿ. ನೆತ್ತರು, ನೀರು ಇಳಿಯಲು ಅಲ್ಲಿ ಜಾಗ ಬಿಟ್ಟಿರುತ್ತದೆ, ಕೆಳಗೆ ಒಂದು ಬಕೆಟ್ಟು. ಮುಚ್ಚಳವಿಲ್ಲ, ಗಾಲಿಯಿಲ್ಲ. ಯಾಕೆ ಬೇಕು? ಎತ್ತುವ ಕೈ ಇದ್ದೇ ಇದೆಯಲ್ಲ, ಗುತ್ತಿಗೆಯ ಮೇಲೆ. ಟೇಬಲ್ಲು ಮಾಡಿದವನು ಅಳತೆಯಲ್ಲಿ ಬರೆಯದೆ ಬಿಟ್ಟ ಭಾಗ ಅದು: ಒಂದು ಜಾತಿ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ನಿಲ್ಲಿಸಿದರು. ವಾರ್ಡಿನ ಬಕೆಟ್ಟಿನ ತನಕ ಆ ಮಾತು ಇನ್ನೂ ನಡೆದು ಬಂದಿಲ್ಲ. 2016ರ ವೈದ್ಯಕೀಯ ತ್ಯಾಜ್ಯ ನಿಯಮ ಮಾಸು ಹಳದಿ ಚೀಲಕ್ಕೆ ಎಂದು ಬಣ್ಣದ ಸಮೇತ ಬರೆದಿದೆ. ಕೆಲಸದವರಿಗೆ ರಕ್ಷಣೆಯ ಉಡುಪು ಕೊಡಬೇಕೆಂದೂ ಬರೆದಿದೆ. ಹಳದಿ ಚೀಲ ಬಂತು. ಬೂಟು ಬಂತೇ? “ಅಕ್ಕಾ, ಕೈಗವಸ ಕೊಟ್ಟಾರೇನು?” ಎಂದು ಕೇಳಿ ನೋಡಿ, ಅವಳು ಮೊದಲು ಸುತ್ತ ನೋಡುತ್ತಾಳೆ, ಆಮೇಲೆ ಉತ್ತರ.

ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಕಿಂಗ್ಸ್ ಫಂಡ್ ಎಂಬ ಸಂಸ್ಥೆ ಆಸ್ಪತ್ರೆಯ ಕಾಟು ಹೇಗಿರಬೇಕೆಂದು ಕೆಲಸಕ್ಕಿಳಿದಾಗ ಬ್ರೂಸ್ ಆರ್ಚರ್ ಮತ್ತವನ ತಂಡ ಮಾದರಿ ಮಾಡಿ ವಾರ್ಡಿನಲ್ಲೇ ಪರೀಕ್ಷೆ ಮಾಡಿದರು. ಎತ್ತರ ಏರಿಸಿ ಇಳಿಸುವ ಕಾಟು ಬಂತು: ರೋಗಿ ಇಳಿಯುವಾಗ ತಗ್ಗು, ನರ್ಸು ಬಗ್ಗುವಾಗ ಎತ್ತರ. ನಮ್ಮಲ್ಲಿ ಬರುವುದು ಟೆಂಡರು. ಕಾಟಿನ ಲೆಕ್ಕ ಬೆಲೆಯಲ್ಲಿ, ಮೈಯಲ್ಲಿ ಅಲ್ಲ. ರೋಗಿಯ ಜೊತೆ ಬಂದವರಿಗಂತೂ ಲೆಕ್ಕವೇ ಇಲ್ಲ. ಸಲಾಯಿನ್ ಮುಗಿದರೆ ಕೂಗುವವಳು, ಬೆಡ್‌ಪ್ಯಾನು ಇಡುವವಳು, ಅನ್ನ ಉಣಿಸುವವಳು ತಾಯಿಯೋ ನೆಗೆಣ್ಣಿಯೋ. ಅರ್ಧ ದವಾಖಾನಿ ನಡೆಸುವ ಅವಳ ಹಾಸಿಗೆ ಕಾಟಿನ ಕೆಳಗಿನ ನೆಲ. 2016ರಲ್ಲಿ ಕೇಂದ್ರ ಸರಕಾರ ಹೆರಿಗೆಯಲ್ಲಿ ಜೊತೆಗಾತಿ ಇರಬಹುದೆಂದು ಒಪ್ಪಿತು. ಕೂಡಲು ಒಂದು ಕುರ್ಚಿ, ನಡುವೆ ಒಂದು ಪರದೆ ಇಲ್ಲದೆ ಜೊತೆಗಾತಿ ಎಲ್ಲಿರಬೇಕು? ಪಕ್ಕದ ಟೇಬಲ್ಲಿನವಳ ಮಾನದ ಗತಿ ಏನು?

ನಿಪ್ಪಾಣಿ ಯಾವ ರಾಜ್ಯಕ್ಕೆ ಎಂದು 1967ರ ಮಹಾಜನ ವರದಿಗೂ ಮೊದಲಿಂದ ಜಗಳ. ಬೋರ್ಡು ಕನ್ನಡದಲ್ಲೋ ಮರಾಠಿಯಲ್ಲೋ ಎಂದು ಮಸಿ ಬಳಿದವರು ಎಷ್ಟು ಜನ! ಎಕ್ಸ್‌ರೇ ಕೋಣೆ ಎಲ್ಲಿ, ಹೆಂಗಸರ ಸಂಡಾಸ ಎಲ್ಲಿ ಎಂದು ಓದಲು ಬಾರದವಳಿಗೆ ತಿಳಿಯುವಂತೆ ಒಂದು ಚಿತ್ರ ಬರೆಸಲು ಎರಡೂ ಕಡೆಯ ವೀರರಿಗೆ ಪುರುಸೊತ್ತಿಲ್ಲ. ಅದಕ್ಕೇ ಕಾಗವಾಡದವರು ಮಿರಜಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಸಾಲ ಮಾಡಿ ಓಡುತ್ತಾರೆ. ಅಲ್ಲಿನ ಖಾಸಗಿ ಆಸ್ಪತ್ರೆಯ ಮೆತ್ತನೆ ಸೋಫಾ ನೋಡಿ ಹೆದರಿ, ಚಪ್ಪಲಿ ಬಿಟ್ಟು, ತುದಿಯಲ್ಲಿ ಕೂಡುತ್ತಾರೆ.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಒಂದು ಅಳತೆಯ ಟೇಪು ತೆಗೆದುಕೊಂಡು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಟೇಬಲ್ಲಿನ ಎತ್ತರ, ಬೆಂಚುಗಳ ಲೆಕ್ಕ, ಮೆಟ್ಟಿಲು, ಪರದೆ, ಬಕೆಟ್ಟಿನ ಮುಚ್ಚಳ ಬರೆದುಕೊಳ್ಳಿ. ಏನೇನು ಇರಬೇಕೆಂದು ಸರಕಾರದ ಐಪಿಎಚ್‌ಎಸ್ ಪಟ್ಟಿ 2007ರಿಂದ ಇದೆ, 2012ರಲ್ಲೂ 2022ರಲ್ಲೂ ತಿದ್ದಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಆರೋಗ್ಯ ರಕ್ಷಾ ಸಮಿತಿಯ ಮೀಟಿಂಗಿನಲ್ಲಿ ಓದಿ. ಸಮಿತಿಯಲ್ಲಿ ಯಾರಿದ್ದಾರೆ, ಹಣ ಎದಕ್ಕೆ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಬೀಡಿ ಕಟ್ಟುವ ಹೆಂಗಸರನ್ನೂ ವಾರ್ಡು ತೊಳೆಯುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಳತೆ ಅವರೇ ಹೇಳಲಿ. ಹತ್ತುವ ಮೆಟ್ಟಿಲಿಗೆ ಗ್ರ್ಯಾಂಟು ಇಲ್ಲ ಎಂದು ಅವರು ಹೇಳಿದರೆ, ನಿಪ್ಪಾಣಿಯ ಯಾವ ಬಡಿಗನನ್ನಾದರೂ ಕೇಳಿ, ಅರ್ಧ ದಿನದ ಕೆಲಸ.