ಹನುಮಂತನ ಮಗನ ಧರ್ಮಸಂಕಟ

ಥಾಯ್ ದೇಶದ ರಾಮಕಥೆಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರ ಮುಂದೆ ತೆಗೆದರೂ ಹೆಚ್ಚಾಗಿ ಎರಡೇ ಮಾತು ಕೇಳಬಹುದು. ಒಂದು, ‘ನಮ್ಮ ರಾಮಾಯಣ ಎಲ್ಲಿಯವರೆಗೆ ಹೋಗಿದೆ ನೋಡಿ!’ ಎಂಬ ಹೆಮ್ಮೆ. ಇನ್ನೊಂದು, ‘ಹನುಮಂತನಿಗೆ ಹೆಂಡತಿಯೇ? ಕಥೆ ಕೆಡಿಸಿಟ್ಟಿದ್ದಾರೆ’ ಎಂಬ ಬೇಸರ. ಹೆಮ್ಮೆಪಟ್ಟವರೂ ಬೇಸರಪಟ್ಟವರೂ ಒಂದೇ ಕಡೆ ನಿಂತಿದ್ದಾರೆ: ಕಥೆಯ ಹಕ್ಕುಪತ್ರ ನಮ್ಮಲ್ಲಿದೆ, ಉಳಿದವರದ್ದು ಅನುಭೋಗ ಮಾತ್ರ. ಹೀಗೆ ನಂಬಿ ಕೂತವರು ಪುಸ್ತಕವನ್ನು ಓದುವುದಿಲ್ಲ, ತಪಾಸಣೆ ಮಾಡುತ್ತಾರೆ.

ಆ ಥಾಯ್ ರಾಮಕಥೆ ‘ರಾಮಕಿಯನ್’ ಈಗಿನ ರೂಪಕ್ಕೆ ಬಂದದ್ದು ಒಂದು ಘೋರ ಸೋಲಿನ ನಂತರ. 1767ರಲ್ಲಿ ಬರ್ಮಾದ ಸೈನ್ಯ ಅಯುಥಯಾ ರಾಜಧಾನಿಯನ್ನು ಸುಟ್ಟುಹಾಕಿತು. 1782ರಲ್ಲಿ ಬ್ಯಾಂಕಾಕಿನಲ್ಲಿ ಹೊಸ ರಾಜಧಾನಿ ಕಟ್ಟಿದ, ಇಂದು ಒಂದನೇ ರಾಮ ಎನ್ನಲಾಗುವ ದೊರೆ, 1797ರಲ್ಲಿ ಆಸ್ಥಾನದ ಕವಿಗಳನ್ನು ಕೂಡಿಸಿಕೊಂಡು ಈ ಕಾವ್ಯವನ್ನು ಹೊಸದಾಗಿ ಕಟ್ಟಿಸಿದ. ವಾಟ್ ಫ್ರಾ ಕೆಯೋ ದೇಗುಲದ ಪ್ರಾಕಾರದಲ್ಲಿ 178 ಚಿತ್ರಗಳಾಗಿ ಅದೇ ಕಥೆ ಹರಡಿಕೊಂಡಿದೆ. ಉರಿದುಹೋದ ನಾಡೊಂದು ತನ್ನನ್ನು ತಾನು ಮತ್ತೆ ನಿಲ್ಲಿಸಿಕೊಳ್ಳಲು ಹೇಳಿಕೊಂಡ ಕಥೆಯಿದು. ವಾಲ್ಮೀಕಿಯನ್ನು ಪಕ್ಕದಲ್ಲಿಟ್ಟುಕೊಂಡು ತಪ್ಪು ಹುಡುಕುವವನಿಗೆ ಈ ಸಂಕಟ ಕಾಣುವುದೇ ಇಲ್ಲ.

ಸೇತುಬಂಧದ ಭಾಗವನ್ನೇ ನೋಡಿ. ಕಪಿಗಳು ಹಾಕಿದ ಕಲ್ಲುಗಳು ಸಮುದ್ರದಲ್ಲಿ ಕಾಣೆಯಾಗುತ್ತವೆ. ಹನುಮಂತ ನೀರಿಗಿಳಿದು ನೋಡಿದರೆ ಮೀನುಗಳು ಅವನ್ನು ಹೊತ್ತೊಯ್ಯುತ್ತಿವೆ. ಅವುಗಳ ಒಡತಿ ರಾವಣನ ಮಗಳು, ಮತ್ಸ್ಯಕನ್ಯೆ ಸುವಣ್ಣಮಚ್ಛಾ. ಕಾದಾಟ ಪ್ರೀತಿಗೆ ತಿರುಗಿ ಮಚ್ಛಾನು ಹುಟ್ಟುತ್ತಾನೆ, ಮೀನಿನ ಬಾಲದ ಕಪಿ. ಅಪ್ಪನಿಗೆ ಹೆದರಿ ಅವಳು ದಡದಲ್ಲಿ ಬಿಟ್ಟುಹೋದ ಕೂಸನ್ನು ಪಾತಾಳದ ಮೈಯರಾಪ್ ಸಾಕುತ್ತಾನೆ. ಈ ಮೈಯರಾಪನೇ ನಮ್ಮ ಮೈರಾವಣ. ಯಕ್ಷಗಾನದಲ್ಲಿ ‘ಮೈರಾವಣ ಕಾಳಗ’ ಎಂಬ ಪ್ರಸಂಗವೇ ಇದೆ. ನಮ್ಮ ಕಡೆಯ ಕಥೆಗಳಲ್ಲಿ ಹನುಮಂತನ ಬೆವರ ಹನಿ ನುಂಗಿದ ಮೀನಿಗೆ ಮಗ ಹುಟ್ಟುತ್ತಾನೆ, ಬ್ರಹ್ಮಚರ್ಯ ಉಳಿಯುತ್ತದೆ. ಮಗನಂತೂ ಇಲ್ಲೂ ಇದ್ದಾನೆ, ಅಲ್ಲೂ ಇದ್ದಾನೆ.

ರಾಮನನ್ನು ಮೈಯರಾಪ್ ಕದ್ದೊಯ್ದಾಗ ಹುಡುಕಿ ಬಂದ ಹನುಮಂತನನ್ನು ತಡೆಯುವವನು ಈ ಮಗನೇ. ಇಬ್ಬರೂ ಸೋಲುವುದಿಲ್ಲ. ನಾನೇ ನಿನ್ನ ತಂದೆ ಎಂದರೆ ಹುಡುಗ ನಂಬುವುದಿಲ್ಲ. ಹನುಮಂತ ಆಕಳಿಸಿ ಬಾಯೊಳಗಿನ ಚಂದ್ರ, ನಕ್ಷತ್ರಗಳನ್ನು ತೋರಿಸಿದ ಮೇಲೆ ಕಾಲಿಗೆ ಬೀಳುತ್ತಾನೆ. ಆದರೆ ದಾರಿ ಕೇಳಿದರೆ ಹೇಳಲಾರ, ಸಾಕಿದವನಿಗೆ ದ್ರೋಹವಾಗುತ್ತದೆ. ಹೇಳದಿರಲಾರ, ಕೇಳುತ್ತಿರುವವನು ಹೆತ್ತವನು. ಬಂದ ಹಾಗೆಯೇ ಹೋಗಬಹುದಲ್ಲ ಎಂದು ಸೂಚನೆ ಮಾತ್ರ ಕೊಡುತ್ತಾನೆ. ತಾವರೆಯ ದಂಟಿನೊಳಗಿಂದ ಇಳಿದು ಬಂದಿದ್ದ ಹನುಮಂತನಿಗೆ ಅಷ್ಟು ಸಾಕು.

ತಾಳಮದ್ದಳೆ ಕೇಳಿ ಬೆಳೆದ ಊರುಗಳಿಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಬೇಕೇ? ಕರ್ಣನ ಋಣವನ್ನು ರಾತ್ರಿಯಿಡೀ ಚರ್ಚಿಸಬಲ್ಲ ಅರ್ಥಧಾರಿಗಳು ನಮ್ಮಲ್ಲಿದ್ದಾರೆ. ಪದ್ಯ ಒಂದೇ, ಅರ್ಥ ಹೇಳುವವರು ಬದಲಾದರೆ ವಾಲಿಯೂ ಬದಲಾಗುತ್ತಾನೆ. ಅದನ್ನು ಕೇಳಿ ತಲೆದೂಗುವವರು, ಮೂಲದಲ್ಲಿ ಹೀಗಿಲ್ಲ ಎಂದು ಎದ್ದುಹೋಗುವುದಿಲ್ಲ. ಆ ಔದಾರ್ಯವನ್ನು ಪುಸ್ತಕಕ್ಕೆ ಮಾತ್ರ ಯಾಕೆ ನಿರಾಕರಿಸಬೇಕು? ಶಿರಸಿ ತಾಲೂಕಿನ ಸೋಂದೆಯಲ್ಲಿ ವಾದಿರಾಜ ಮಠವೂ ಸ್ವರ್ಣವಲ್ಲಿಯೂ ಜೈನ ಮಠವೂ ಇವೆ. ಜೈನ ರಾಮಾಯಣಗಳ ಹನುಮಂತ ಸಂಸಾರಿ. ನಾಗಚಂದ್ರನ ಕನ್ನಡ ಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಥಾಯ್ ಕವಿಗಳು ಕೆಡಿಸಿದರೆನ್ನುವವರು ಮೊದಲು ನಮ್ಮದೇ ಹಳಗನ್ನಡಕ್ಕೆ ಉತ್ತರ ಹೇಳಬೇಕಾಗುತ್ತದೆ. ಮೈಸೂರಿನ ಎ. ಕೆ. ರಾಮಾನುಜನ್ ರಾಮಾಯಣಗಳ ಬಹುತ್ವದ ಬಗ್ಗೆ ಬರೆದ ಪ್ರಬಂಧದಲ್ಲಿ ಥಾಯ್ ಕಥೆಯೂ ಕನ್ನಡದ ಜನಪದ ಕಥೆಯೂ ಅಕ್ಕಪಕ್ಕ ಕೂತಿವೆ. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅದನ್ನು ಪಠ್ಯದಿಂದ ತೆಗೆದದ್ದು ಇಂದಿಗೂ ನೋಯುವ ಸಂಗತಿ.

ರಾಮಕಥೆಯಲ್ಲಾದರೆ ಕೈಹಿಡಿಯಲು ಪರಿಚಯದ ಹೆಸರುಗಳಿವೆ. ಹೆಚ್ಚು ಕಷ್ಟ ಇರುವುದು ಆಧುನಿಕ ಕಾದಂಬರಿಗಳಲ್ಲಿ. ಬೋತಾನ್ ಎಂಬ ಲೇಖಕಿಯ 1969ರ ಕಾದಂಬರಿಯೊಂದಿದೆ. ಚೀನಾದಿಂದ ಬ್ಯಾಂಕಾಕಿಗೆ ಬಂದು ವ್ಯಾಪಾರದಲ್ಲಿ ಮೇಲೆ ಬಂದವನೊಬ್ಬ ಊರಲ್ಲುಳಿದ ತಾಯಿಗೆ ಬರೆಯುವ ಪತ್ರಗಳೇ ಅದರ ತುಂಬ. ಮಕ್ಕಳು ತನ್ನ ಭಾಷೆ, ರೀತಿ ಬಿಟ್ಟು ಥಾಯ್ ಆಗುತ್ತಿದ್ದಾರೆ ಎಂಬುದೇ ಅವನ ಕೊರಗು. ಮಕ್ಕಳೆಲ್ಲ ಬೆಂಗಳೂರು ಸೇರಿ, ಅಡಿಕೆ ತೋಟದಲ್ಲಿ ಮುದುಕರಿಬ್ಬರೇ ಉಳಿದ ಮನೆಗಳಲ್ಲಿ ಇದನ್ನು ಓದಿದರೆ ‘ಇದು ನಮ್ಮನೆ ಕಥೆಯೇ’ ಎನ್ನಿಸದೆ ಇರದು. ಕಣ್ಣೀರೂ ಬರಬಹುದು, ಅದು ನಿಜವಾದ ಕಣ್ಣೀರೇ.

ಆದರೆ ಅಲ್ಲಿಗೇ ನಿಲ್ಲಿಸಿದರೆ ಪುಸ್ತಕ ಅರ್ಧವೂ ಓದಿದಂತಾಗುವುದಿಲ್ಲ. ಆ ತಂದೆ ತನಗೆ ಅನ್ನ ಕೊಟ್ಟ ನೆಲದವರನ್ನು ಸೋಮಾರಿಗಳೆಂದು ಹೀಗಳೆಯುತ್ತಾನೆ, ಕೊನೆಗೆ ಥಾಯ್ ಅಳಿಯನನ್ನೇ ಮೆಚ್ಚಬೇಕಾಗುತ್ತದೆ. ಲೇಖಕಿ ಅವನನ್ನು ಪ್ರೀತಿಸುತ್ತಲೇ ತೂಗಿ ನೋಡುತ್ತಾಳೆ. ನಮ್ಮ ಕಡೆಯೂ, ಕೃಷಿ ಮಾಡುವ ಹುಡುಗರಿಗೆ ಹೆಣ್ಣು ಸಿಗದೆ ಉತ್ತರ ಭಾರತದಿಂದ ಸೊಸೆ ತಂದ ಮನೆಗಳಿವೆ. ಮಕ್ಕಳನ್ನು ಕಳೆದುಕೊಂಡ ಅಪ್ಪನ ಜಾಗದಲ್ಲಿ ನಿಂತು ಆ ಕಾದಂಬರಿಯನ್ನು ಓದಿದವರು, ಇನ್ನೊಮ್ಮೆ ಆ ಸೊಸೆಯ ಜಾಗದಲ್ಲಿ ನಿಂತು ಓದಲಿ: ಅವಳ ಅಡುಗೆಯ ಬಗ್ಗೆ, ಮಾತಿನ ಬಗ್ಗೆ ಈ ಮನೆಯ ಹಿರಿಯರು ಆಡುವ ಮಾತುಗಳಿಗೂ ಆ ವ್ಯಾಪಾರಿಯ ಪತ್ರಗಳಿಗೂ ಎಷ್ಟು ಅಂತರವಿದೆ ಎಂದು.