ಬಿಷಪ್ಪರ ಸೀಮೆಯೂ ಬಂಡಳ್ಳಿಯ ದಾರಿಯೂ

ಯಾವುದೇ ಧರ್ಮಸಂಸ್ಥೆಯ ಜೀವಶಕ್ತಿಯನ್ನು ತಿಳಿಯಬೇಕಾದರೆ, ಅದರ ಬಾಗಿಲಿನಿಂದ ಹೊರಟ ಉಪಕಾರವು ಎಷ್ಟು ಹರದಾರಿ ನಡೆದುಹೋಯಿತೆಂಬುದನ್ನು ನೋಡಬೇಕು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು, ದಕ್ಷಿಣ ಇಂಡಿಯಾ ಸಭೆಯ, ಎಂದರೆ ಜನರು ಸಿ.ಎಸ್.ಐ. ಎಂದು ಕರೆಯುವ ಸಂಸ್ಥೆಯ, ಕರ್ನಾಟಕದ ಡಯೊಸೀಸುಗಳ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ. ಹೊರಗಿನವರಿಗೇಕೆ ಈ ಉಸಾಬರಿಯೆಂದು ಕೆಲವರು ಕೇಳಬಹುದು. ದತ್ತಿಯ ಆಸ್ತಿಯು ಯಾರ ಹೆಸರಿನಲ್ಲಿದ್ದರೂ ಅದರ ಫಲವು ನಾಡಿನವರಿಗೆ ಸಲ್ಲತಕ್ಕುದು; ಆದುದರಿಂದ ಕೇಳುವ ಹಕ್ಕೂ ನಾಡಿನವರಿಗುಂಟು.

ಈ ಸಭೆಯು ನಮ್ಮ ಸ್ವಾತಂತ್ರ್ಯದ ಓರಗೆಯದು. 1947ನೆಯ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾಯಿತು. ಆರು ವಾರಗಳು ಕಳೆದೊಡನೆಯೇ, ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೀರಿಯನ್ ಪಂಥಗಳವರು ತಮ್ಮ ತಮ್ಮ ಬೇಲಿಗಳನ್ನು ಕಿತ್ತು ಒಂದಾದರು. ಬಿಷಪ್ಪರಿಲ್ಲದೆ ನಡೆದುಬಂದಿದ್ದ ಪಂಥಗಳು ಬಿಷಪ್ಪರನ್ನು ಒಪ್ಪಿಕೊಂಡುವು. ಬಿಷಪ್ಪರ ಪದ್ಧತಿಯವರು ಚುನಾಯಿತ ಸಭೆಗಳನ್ನು ಒಪ್ಪಿಕೊಂಡರು. ಮೈಸೂರು ಡಯೊಸೀಸಿಗೆ ಮೊದಲ ಬಿಷಪ್ಪರಾಗಿ ಕನ್ನಡಿಗರಾದ ಪ್ರೇಮಯ್ಯ ಗುರುಶಾಂತರೇ ಬಂದರು. ಹೊರದೇಶದ ಮಿಷನ್ನುಗಳ ಹಣದಿಂದಲೂ ಅಪ್ಪಣೆಯಿಂದಲೂ ನಡೆಯುತ್ತಿದ್ದ ಕೆಲಸವು ಈ ನಾಡಿನವರ ಕೈಗೆ ಬಂದಿತೆಂಬುದೇ ಆ ಏರ್ಪಾಡಿನ ತಿರುಳು.

ಕೈಗೆ ಬಂದ ಆಸ್ತಿಯು ಅಲ್ಪವಾದುದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿಕೊಟ್ಟ ಕಿಟ್ಟೆಲ್ಲರೂ ಬಾಸೆಲ್ ಮಿಷನ್ನಿನವರು. ಮೈಸೂರಿನ ಮಂಡಿ ಮೊಹಲ್ಲೆಯಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು, ಇಂದಿಗೂ ಜನರ ಬಾಯಿಯಲ್ಲಿ ಮಿಷನ್ ಆಸ್ಪತ್ರೆಯೇ. ಆ ಆಸ್ಪತ್ರೆಯ ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಾದಿಯರು ಪುಸ್ತಕಗಳಲ್ಲಿ ಬರೆದಿಡುತ್ತ ಬಂದರು. ಯಾರೂ ಮೆಚ್ಚಲೆಂದು ಬರೆದುದಲ್ಲ, ಕೆಲಸದ ಶಿಸ್ತಿನಿಂದ ಬರೆದುದು. ಆರು ದಶಕಗಳಾದ ಮೇಲೆ ವೈದ್ಯವಿಜ್ಞಾನಿಗಳು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಿಗೆ ನಡುವಯಸ್ಸಿನಲ್ಲಿ ಹೃದಯದ ರೋಗವು ಹೆಚ್ಚೆಂಬುದು ಕಂಡುಬಂದಿತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಇದನ್ನು ಪ್ರಕಟಿಸಿತು. ಬಸುರಿಯ ತಟ್ಟೆಯಲ್ಲಿ ಅನ್ನವು ಕಡಿಮೆಯಾದರೆ ಅದರ ಸಾಲವನ್ನು ಮಗುವು ಐವತ್ತು ವರ್ಷಗಳ ಮೇಲೆ ತೀರಿಸಬೇಕಾದೀತೆಂಬ ವಿಚಾರಕ್ಕೆ ಮೈಸೂರಿನ ದಾದಿಯರ ಲೆಕ್ಕವು ಬಲವನ್ನು ಕೊಟ್ಟಿತು. ಸೇವೆಯೆಂದರೆ ಇಂತಹುದು.

ಇದು ಗತವೈಭವವಾಯಿತು. ಇನ್ನು ಈಗಿನ ಮಾತು.

ಮೈಸೂರು ಡಯೊಸೀಸು 1970ರಲ್ಲಿ ಮೂರಾಯಿತು: ಉತ್ತರಕ್ಕೆ ಧಾರವಾಡ, ಮಧ್ಯಕ್ಕೆ ಬೆಂಗಳೂರು, ದಕ್ಷಿಣಕ್ಕೆ ಮಂಗಳೂರು ಕೇಂದ್ರಗಳಾದುವು. ಮೈಸೂರಿನ ಸಭೆಗಳಿಗೂ ಕೇಂದ್ರವು ಮಂಗಳೂರೇ. ಹನೂರು ಸೀಮೆಯ ಬಂಡಳ್ಳಿಯಲ್ಲಿ ನಿಂತು ನೋಡಿದರೆ ಆ ಕೇಂದ್ರವು 300 ಕಿಲೋಮೀಟರಿಗೂ ಹೆಚ್ಚು ದೂರ. ಅಂಚಿನ ನಾಡಿಗೆ ಇದು ಹೊಸ ಅನುಭವವಲ್ಲ. 1956ರ ನವೆಂಬರಿನವರೆಗೆ ಕೊಳ್ಳೇಗಾಲ ಸೀಮೆಯು ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಕನ್ನಡದ ರೈತನು ತನ್ನ ಅರ್ಜಿಯನ್ನು ಹೊತ್ತು ಘಟ್ಟದಾಚೆಯ ಕಲೆಕ್ಟರರ ಕಛೇರಿಯತ್ತ ನೋಡಬೇಕಾಗಿದ್ದಿತು. ನಕ್ಷೆಯಲ್ಲಿ ಅಂಚಿಗೆ ಬಿದ್ದ ಊರು ಲೆಕ್ಕದಲ್ಲಿಯೂ ಅಂಚಿಗೇ ಬೀಳುತ್ತದೆ. ಸರ್ಕಾರದಲ್ಲಿ ಹೇಗೋ ಡಯೊಸೀಸಿನಲ್ಲಿಯೂ ಹಾಗೆಯೇ.

ದೂರಕ್ಕಿಂತಲೂ ಹೆಚ್ಚಿನ ಅಡ್ಡಿಯು ವ್ಯಾಜ್ಯದ್ದು. ಸಭೆಯ ಸ್ಥಿರಾಸ್ತಿಯು ಟ್ರಸ್ಟ್ ಅಸೋಸಿಯೇಷನ್ ಎಂಬ ನೋಂದಾಯಿತ ಕಂಪೆನಿಯ ಹೆಸರಿನಲ್ಲಿದೆ. ಪೇಟೆಗಳ ನಡುವೆ ಇರುವ ಹಳೆಯ ಮಿಷನ್ ನಿವೇಶನಗಳ ಬೆಲೆಯು ಆಕಾಶಕ್ಕೇರಿದೆ. ಬೆಲೆಯೇರಿದಲ್ಲಿ ಅಧಿಕಾರದ ಆಸೆಯೂ ಏರುವುದು ಲೋಕದ ರೂಢಿ. 2023ರ ಸಿನಾಡ್ ಚುನಾವಣೆಯ ಜಗಳವು ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋಗಿ, 2024ರಲ್ಲಿ ಇಬ್ಬರು ನಿವೃತ್ತ ನ್ಯಾಯಾಧೀಶರನ್ನು ಆಡಳಿತ ನೋಡಿಕೊಳ್ಳಲು ನೇಮಿಸಬೇಕಾಯಿತು. ಹಿರಿಯರು ಒಂದಾಗಿ ಕಟ್ಟಿದ ಮನೆಯ ಬೀಗದ ಕೈಯನ್ನು ನ್ಯಾಯಾಲಯವು ಹಿಡಿಯಬೇಕಾಗಿ ಬಂದುದು ಯಾರಿಗೂ ಗೌರವ ತರುವ ಸಂಗತಿಯಲ್ಲ. ವಕೀಲರಿಗೆ ಹೋದ ಹಣವು ದಾದಿಯರಿಗೆ ಹೋಗುವುದಿಲ್ಲ.

ಹಳ್ಳಿಗಾಡಿನಲ್ಲಿ ಕೆಲಸವೇ ಸಾಧ್ಯವಿಲ್ಲವೆಂದು ಹೇಳುವಂತಿಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಕೆಥೋಲಿಕ್ ಸನ್ಯಾಸಿನಿಯರ ಹೋಲಿ ಕ್ರಾಸ್ ಆಸ್ಪತ್ರೆಯಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಬೇರೂರಿದೆ. 2018ನೆಯ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದವನ್ನು ತಿಂದು 17 ಮಂದಿ ಮೃತರಾದರು. ಅಂದು ನರಳುತ್ತಿದ್ದ ಬಡಜನರನ್ನು ಹೊತ್ತು ವಾಹನಗಳು ಆಸ್ಪತ್ರೆಗಳನ್ನು ಅರಸಿ ಮೈಸೂರಿನವರೆಗೂ ಓಡಬೇಕಾಯಿತು. ಹತ್ತಿರದಲ್ಲಿ ಒಂದು ಹಾಸಿಗೆ, ಒಬ್ಬ ವೈದ್ಯ, ಒಂದು ಔಷಧದ ಸೀಸೆ ಇರುವುದರ ಬೆಲೆಯೇನೆಂಬುದನ್ನು ಆ ದಿನವು ಈ ಸೀಮೆಗೆ ಕಲಿಸಿತು. ವಿಷವೇರಿದವನು ಆಸ್ಪತ್ರೆಯ ಬಾಗಿಲಿನ ಮೇಲೆ ಶಿಲುಬೆಯಿದೆಯೋ ಓಂಕಾರವಿದೆಯೋ ಎಂದು ನೋಡುವುದಿಲ್ಲ.

ಇಲ್ಲಿ ಮತಾಂತರದ ಪ್ರಶ್ನೆಯು ಅಡ್ಡ ಬರುತ್ತದೆ. ಅದನ್ನು ಮರೆಮಾಚುವುದು ನಮ್ಮ ರೀತಿಯಲ್ಲ. ಮಿಷನ್ನಿನವರ ಔಷಧದ ಹಿಂದೆ ಬೇರೊಂದು ಉದ್ದೇಶವಿದೆಯೆಂಬ ಶಂಕೆಯು ಹಳೆಯದು. 2022ರಲ್ಲಿ ರಾಜ್ಯದ ಶಾಸನಸಭೆಯು ಇದರ ಮೇಲೆ ಕಾನೂನನ್ನು ಮಾಡಿತು. 2023ರಲ್ಲಿ ಹೊಸ ಮಂತ್ರಿಮಂಡಲವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಕಾನೂನು ಇದ್ದರೂ ಇಲ್ಲದಿದ್ದರೂ ಶಂಕೆಗೆ ಮದ್ದು ಒಂದೇ: ತೆರೆದ ಪುಸ್ತಕ. ಯಾವ ಊರಿಗೆ ಹೋದಿರಿ, ಯಾರಿಗೆ ಏನು ಕೊಟ್ಟಿರಿ, ಹಣವೆಲ್ಲಿಂದ ಬಂದಿತು ಎಂಬ ಲೆಕ್ಕವನ್ನು ಕನ್ನಡದಲ್ಲಿ ಅಚ್ಚುಹಾಕಿ ಪಂಚಾಯಿತಿಯ ಕಟ್ಟೆಯ ಮೇಲೆ ಅಂಟಿಸಿದರೆ, ಶಂಕಿಸುವವರ ಬಾಯಿ ತಾನಾಗಿ ಮುಚ್ಚುತ್ತದೆ. ಹಾಗೆಯೇ, ಔಷಧ ಕೊಟ್ಟವರನ್ನೆಲ್ಲ ಕಳ್ಳರಂತೆ ಕಾಣುವವರು ತಾವು ಆ ಹಳ್ಳಿಗೆ ಏನನ್ನು ಕೊಂಡೊಯ್ದಿರೆಂಬುದಕ್ಕೂ ಉತ್ತರ ಹೇಳಬೇಕು.

ನಮ್ಮ ಸೂಚನೆಗಳು ಸರಳವಾದುವು. ಸಿ.ಎಸ್.ಐ. ಸಭೆಗಳಲ್ಲಿ ಸುಗ್ಗಿಯ ಹಬ್ಬವೆಂಬ ಒಳ್ಳೆಯ ಆಚಾರವಿದೆ. ಮನೆಮನೆಯವರು ತೆಂಗಿನಕಾಯಿ, ಕುಂಬಳಕಾಯಿ, ರಾಗಿ, ಕೋಳಿಗಳನ್ನು ತಂದೊಪ್ಪಿಸುವರು. ಆರಾಧನೆಯ ತರುವಾಯ ಅವು ಹರಾಜಾಗುವುವು. ಬಡವನ ಒಂದು ನಿಂಬೆಯ ಹಣ್ಣನ್ನು ಅನುಕೂಲಸ್ಥನು ನೂರು ಪಟ್ಟು ಬೆಲೆ ಕೂಗಿ ಕೊಳ್ಳುವನು. ಊರಿನ ಸಂತೋಷವೂ ದಾನವೂ ಕೂಡಿದ ಇಂತಹ ಹಬ್ಬವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆ ಹಣದ ಒಂದು ಪಾಲನ್ನು ಪ್ರತಿ ವರ್ಷವೂ ದೂರದ ಒಂದು ಹೋಬಳಿಗೆಂದು ತೆಗೆದಿಡಲಿ. ಮೈಸೂರಿನ ಮಿಷನ್ ಆಸ್ಪತ್ರೆಯಿಂದ ತಿಂಗಳಿಗೆರಡು ಬಾರಿ ಒಬ್ಬ ವೈದ್ಯರೂ ಇಬ್ಬರು ದಾದಿಯರೂ ಹನೂರಿನ ಕಡೆಗೆ ಬಂದು, ಬಸುರಿಯರನ್ನೂ ಕೂಸುಗಳನ್ನೂ ತೂಗಿ ಬರೆದಿಡಲಿ. ಈ ವಿದ್ಯೆಯು ಅವರಿಗೆ ಹೊಸದಲ್ಲವಷ್ಟೆ. ಡಯೊಸೀಸಿನ ಕೌನ್ಸಿಲು ತನ್ನ ಕೂಟಗಳಲ್ಲಿ ಒಂದನ್ನಾದರೂ ಕೊಳ್ಳೇಗಾಲದಂತಹ ಊರಿನಲ್ಲಿ ನಡೆಸಲಿ. ಪೇಟೆಯ ನಿವೇಶನವನ್ನು ಗುತ್ತಿಗೆಗೆ ಕೊಡುವ ಮುನ್ನ ಅದರ ಷರತ್ತುಗಳನ್ನು ಸಭಿಕರೆಲ್ಲರ ಮುಂದೆ ಓದಿ ಹೇಳಲಿ.

ಅಧಿಕಾರಿಗಳಿಗೂ ಒಂದು ಮಾತು. ಜಿಲ್ಲೆಯ ಆರೋಗ್ಯಾಧಿಕಾರಿಗಳು ಇಂತಹ ಸಂಸ್ಥೆಗಳನ್ನು ಸಂಶಯದಿಂದ ದೂರವಿಡುವುದೂ ತಪ್ಪು, ಎಲ್ಲವನ್ನೂ ಅವುಗಳ ಮೇಲೆ ಹೊರಿಸಿ ತಾವು ಕೈತೊಳೆದುಕೊಳ್ಳುವುದೂ ತಪ್ಪು. ಯಾವ ಊರಿಗೆ ಯಾವ ವಾರ ಯಾರು ಹೋಗಬೇಕೆಂಬುದನ್ನು ಎರಡು ಕಡೆಯವರೂ ಒಂದು ಮೇಜಿನ ಸುತ್ತ ಕುಳಿತು ಗೊತ್ತುಮಾಡಿದರೆ, ಒಂದೇ ಊರಿಗೆ ಇಬ್ಬರು ಹೋಗಿ ಇನ್ನೊಂದು ಊರಿಗೆ ಯಾರೂ ಹೋಗದಿರುವ ಅನ್ಯಾಯವು ತಪ್ಪುತ್ತದೆ. ಕೊಡುವ ಕೈಗಳು ಹಲವಿದ್ದು, ಕೊಡಬೇಕಾದವರ ಪಟ್ಟಿಯು ಒಂದೇ ಆಗಿದ್ದರೆ ಬಡವನಿಗೆ ಲಾಭ. ಅಂತಹ ಪಟ್ಟಿಯೊಂದು ಸಿದ್ಧವಾಗುವುದಾದರೆ, ಅದರ ಮೊದಲ ಸಾಲಿನಲ್ಲಿ ದಾರಿಯ ಕೊನೆಯ ಊರುಗಳ ಹೆಸರುಗಳೇ ಇರತಕ್ಕುವೆಂಬುದು ನಮ್ಮ ಅಭಿಪ್ರಾಯ.