ಮಾಲೋ, ಸೇವೆಯೋ?

ಸರಕಾರಿ ಕಚೇರಿಯೊಂದು ತನ್ನ ಕ್ಯಾಂಟೀನಿಗಾಗಿ ಒಂದು ಪ್ಲೇಟು ಇಡ್ಲಿಯನ್ನು ಕೊಳ್ಳುತ್ತದೆ. ಅದು ಕೊಂಡದ್ದು ಮಾಲನ್ನೋ, ಸೇವೆಯನ್ನೋ? ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸುವ ನಮ್ಮ ಬಾಂಧವರಿಗೆ ಇದು ಕೆಲಸವಿಲ್ಲದವರ ತರ್ಕವೆಂದು ತೋರೀತು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಥಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳ ಕಚೇರಿ, ಆಸ್ಪತ್ರೆಗಳಲ್ಲಿ ಕಂತ್ರಾಟಿನ ಮೇಲೆ ದುಡಿಯುವವನು ಬಾಕಿ ಪಗಾರಕ್ಕಾಗಿ ಯಾರ ಬಾಗಿಲು ತಟ್ಟಬೇಕೆಂಬುದು ಈ ಒಂದು ಶಬ್ದವನ್ನು ಅವಲಂಬಿಸಿದೆ.

ಮಹಾರಾಷ್ಟ್ರ ಸರಕಾರದ ಇ-ಟೆಂಡರಿನ ನೋಟೀಸನ್ನು ತೆಗೆದು ನೋಡಿರಿ. ಮಾಲು, ಕಾಮಗಾರಿ, ಸೇವೆ ಎಂಬ ಮೂರರಲ್ಲಿ ಒಂದನ್ನು ಅದರಲ್ಲಿ ನಮೂದಿಸಲೇಬೇಕು. ಕೇಂದ್ರ ಸರಕಾರದ 2017ರ ಹಣಕಾಸು ನಿಯಮಗಳೂ ಇದೇ ವಿಂಗಡಣೆ ಮಾಡುತ್ತವೆ. ಮಾಲಿಗೆ ಅಂಟಿಕೊಂಡು ಬರುವ ಸಾಗಾಟ, ಜೋಡಣೆ, ದುರಸ್ತಿಗಳನ್ನೂ ಆ ನಿಯಮಗಳು ಮಾಲಿನ ಲೆಕ್ಕಕ್ಕೇ ಸೇರಿಸುತ್ತವೆ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಮೊದಲು ತೀರ್ಮಾನಿಸುವವನು ಟೆಂಡರು ಬರೆಯುವ ಗುಮಾಸ್ತ.

ಈ ವಿಷಯದಲ್ಲಿ ದೊಡ್ಡವರಿಗೂ ಒಂದೇ ಮಾತು ಇರಲಿಲ್ಲ. ಲಾಡ್ಜಿನಲ್ಲಿ ಇಳಿದುಕೊಂಡವನಿಗೆ ಬಡಿಸಿದ ಊಟ ಮಾರಾಟವಲ್ಲ, ಸೇವೆಯ ಒಂದು ಭಾಗ ಎಂದು ಸುಪ್ರೀಂ ಕೋರ್ಟು 1972ರಲ್ಲಿ ಹೇಳಿತು. 1978ರಲ್ಲಿ ಹೊರಗಿನಿಂದ ಬಂದು ತಿಂದು ಹೋಗುವ ಗಿರಾಕಿಯ ಊಟಕ್ಕೂ ಅದೇ ತೀರ್ಪಾಯಿತು. ಮಾರಾಟ ತೆರಿಗೆ ಕೈತಪ್ಪುವುದನ್ನು ಕಂಡ ಸರಕಾರ 1982ರಲ್ಲಿ ಸಂವಿಧಾನಕ್ಕೆ 46ನೆಯ ತಿದ್ದುಪಡಿ ತಂದು ಅದನ್ನು ಮಾರಾಟವೆಂದೇ ಭಾವಿಸತಕ್ಕದ್ದು ಎಂದಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಅದೇ ಊಟ ಮತ್ತೆ ಸೇವೆಯಾಯಿತು. ಇಷ್ಟೆಲ್ಲ ನಡೆಯುವಾಗ ಭಟ್ಟರು ಅದೇ ಹಿಟ್ಟನ್ನು ರುಬ್ಬುತ್ತಿದ್ದರು, ಕ್ಲೀನರ್ ಹುಡುಗ ಅದೇ ತಟ್ಟೆಯನ್ನು ತೊಳೆಯುತ್ತಿದ್ದ. ವಾದವೆಲ್ಲ ತೆರಿಗೆಯ ಮೇಲೆ. ಅವರಿಬ್ಬರ ಹೆಸರು ಅದರಲ್ಲಿ ಬರಲಿಲ್ಲ.

ಅವರ ಹೆಸರು ಬರುವುದು ಬೇರೆ ಕಾಯಿದೆಯಲ್ಲಿ. 1970ರ ಕಂತ್ರಾಟು ಕಾರ್ಮಿಕರ ಕಾಯಿದೆಯ ಪ್ರಕಾರ, ಕಂತ್ರಾಟುದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲಿಕನೇ ಕೊಡಬೇಕಾಗಿತ್ತು. ಆದರೆ ಕಂತ್ರಾಟುದಾರನೆಂದರೆ ಯಾರು? ಬರೇ ಮಾಲು ಪೂರೈಸುವವನು ಕಂತ್ರಾಟುದಾರನಲ್ಲ ಎಂದು ಕಾಯಿದೆ ಅಲ್ಲಿಯೇ ಹೇಳಿಬಿಟ್ಟಿತ್ತು. 2025ರ ನವೆಂಬರ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಈ ಎರಡೂ ಮಾತುಗಳು ಉಳಿದಿವೆ. ಹಳೆಯ ಕೇಂದ್ರ ಕಾಯಿದೆಯಲ್ಲಿ 20 ಆಳುಗಳಿದ್ದರೆ ಸಾಕಿತ್ತು, ಹೊಸದರಲ್ಲಿ 50 ಬೇಕು. ಸಣ್ಣ ಕ್ಯಾಂಟೀನಿನವರು ಅಲ್ಲಿಯೇ ಹೊರಗುಳಿದರು.

ಇನ್ನು ಗುಮಾಸ್ತನ ಲೇಖನಿಯನ್ನು ನೋಡೋಣ. ‘ಕ್ಯಾಂಟೀನು ನಡೆಸುವುದು’ ಎಂದು ಬರೆದರೆ ಅದು ಸೇವೆ. ಎಷ್ಟು ಆಳು, ಕನಿಷ್ಠ ಮಜೂರಿ ಎಷ್ಟು, ಪಿ.ಎಫ್., ಇ.ಎಸ್.ಐ. ಯಾರು ಕಟ್ಟುವುದು ಎಂಬ ಪ್ರಶ್ನೆಗಳು ಏಳುತ್ತವೆ. ‘ಇಂತಿಷ್ಟು ಪ್ಲೇಟು ಊಟದ ಪೂರೈಕೆ’ ಎಂದು ಬರೆದರೆ ಅದು ಮಾಲು. ಆಗ ಪ್ಲೇಟಿಗೆ ಇಷ್ಟು ರೂಪಾಯಿ ಎಂಬುದೊಂದೇ ಮಾತು. ಅದೇ ಅಡಿಗೆಮನೆ, ಅದೇ ಭಟ್ಟರು. ಪಗಾರ ನಿಂತ ದಿನ ಕಚೇರಿಯವರು ನಾವು ಊಟ ಕೊಂಡೆವು, ಆಳನ್ನು ಇಟ್ಟುಕೊಂಡಿಲ್ಲ ಎನ್ನಬಹುದು.

ಗಿರಣಿಯ ಬಾಂಧವರಿಗೂ ಇದು ಹೊಸದಲ್ಲ. ಸ್ವಂತ ನೂಲಿನಿಂದ ನೇಯ್ದು ಮಾರಿದರೆ ಬಟ್ಟೆ ಮಾಲು. ಪರರ ನೂಲನ್ನು ನೇಯ್ದು ಕೊಟ್ಟರೆ ಜಿ.ಎಸ್.ಟಿ. ಕಾಯಿದೆಯಲ್ಲಿ ಅದು ಸೇವೆ. ಭಿವಂಡಿಯ ಮಗ್ಗಗಳು ಎರಡನ್ನೂ ಬಲ್ಲವು.

ಬೇರೆಡೆ ಬೇಯಿಸಿ ಪಾತ್ರೆಯಲ್ಲಿ ತಂದು ಇಳಿಸಿ ಹೋಗುವುದಾದರೆ ಅದನ್ನು ಮಾಲು ಎಂದೇ ಬರೆಯಲಿ, ನಮ್ಮ ತಕರಾರಿಲ್ಲ. ಕಂತ್ರಾಟು ಹಿಡಿಯುವವರಲ್ಲಿ ನಮ್ಮ ಊರಿನ ಧಣಿಗಳೂ ಇದ್ದಾರೆ, ಕಚೇರಿಯ ಬಿಲ್ಲು ತಿಂಗಳುಗಟ್ಟಲೆ ತಡವಾದಾಗ ಅವರ ಗಲ್ಲವೂ ಬರಿದಾಗುತ್ತದೆ ಎಂಬುದನ್ನೂ ಬಲ್ಲೆವು. ಆದರೆ ಕಚೇರಿಯ ಸೂರಿನಡಿಯಲ್ಲೇ ಬೇಯಿಸಿ, ಬಡಿಸಿ, ತೊಳೆಯುವ ಕೆಲಸವನ್ನು ಮಾಲು ಎನ್ನುವುದು ಸುಳ್ಳು.

ಕಾಗದದ ಮೇಲಿನ ಶಬ್ದವೇ ಕೊನೆಯ ಮಾತೂ ಅಲ್ಲ. ಮುಂಬಯಿಯ ಕಸ ಸಾಗಿಸುವ ಕಾರ್ಮಿಕರ ಕಂತ್ರಾಟು ಬರೇ ತೋರಿಕೆಯದೆಂದು ನ್ಯಾಯಮಂಡಳಿ ತೀರ್ಮಾನಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಸುಮಾರು 2,700 ಮಂದಿ ಪಾಲಿಕೆಯ ಕಾಯಂ ಕೆಲಸಗಾರರಾದರು. ಅದಕ್ಕೆ ಅವರ ಕಚರಾ ವಾಹತುಕ್ ಶ್ರಮಿಕ್ ಸಂಘ ವರ್ಷಾನುಗಟ್ಟಲೆ ಕೋರ್ಟಿನ ಮೆಟ್ಟಲು ಸವೆಸಬೇಕಾಯಿತು.

ಟೆಂಡರು ಹೊರಡುವ ಮೊದಲೇ ತಕರಾರು ಎತ್ತುವುದು ಅದಕ್ಕಿಂತ ಹಗುರ. ಮೂರೂ ಪಾಲಿಕೆಗಳ ಕಮಿಶನರರಿಗೆ ನಾವು ಮನವಿ ಬರೆಯುತ್ತಿದ್ದೇವೆ: ಆವರಣದೊಳಗೆ ಆಳು ದುಡಿಯುವ ಪ್ರತಿಯೊಂದು ಕಂತ್ರಾಟನ್ನೂ ಸೇವೆಯೆಂದೇ ಬರೆಯಬೇಕು, ಆಳುಗಳ ಸಂಖ್ಯೆಯನ್ನೂ ಮಜೂರಿಯ ದರವನ್ನೂ ಅದರಲ್ಲಿ ತೋರಿಸಬೇಕು. ಮನವಿಗೆ ಲಗತ್ತಿಸಲು ಕಾಗದಗಳು ಬೇಕು. ನೀವು ದುಡಿಯುವ ಜಾಗದ ಟೆಂಡರಿನ ಪ್ರತಿಯನ್ನು, ಅದಿಲ್ಲದಿದ್ದರೆ ಬಿಲ್ಲಿನ ಒಂದು ನಕಲನ್ನು, ಭಾನುವಾರ ಸಂಘದ ಕಚೇರಿಗೆ ತನ್ನಿರಿ. ಓದಲು ಬಾರದವರು ಹಾಗೆಯೇ ತಂದುಕೊಡಿ, ನಾವು ಓದಿ ಹೇಳುತ್ತೇವೆ.